ತಡೆದವರಿಗೂ ಒಂದು ಕಾಲಂ



ಹೋದ ಸಲದ ರಾಜ್ಯೋತ್ಸವ ಕ್ರೀಡಾಕೂಟದಲ್ಲಿ ಹಿಂದೂಪುರ ಮತ್ತು ಕಲ್ಯಾಣದುರ್ಗದ ಹುಡುಗರ ನಡುವೆ ನಡೆದ ಕಬಡ್ಡಿ ಫೈನಲ್ ನೋಡಿದವರು ಅದನ್ನು ಇನ್ನೂ ಮರೆತಿರಲಾರರು. ಕೊನೆಯ ನಿಮಿಷದಲ್ಲಿ ಕಲ್ಯಾಣದುರ್ಗ ಒಂದೇ ಒಂದು ಅಂಕ ಮುಂದಿತ್ತು. ಹಿಂದೂಪುರದ ಅತ್ಯುತ್ತಮ ರೈಡರ್ ಗೆರೆ ದಾಟಿ ಬಂದ. ಎಡಮೂಲೆಯಲ್ಲಿ ನಿಂತಿದ್ದ ತೆಳ್ಳನೆಯ ಹುಡುಗನೊಬ್ಬ ನೆಲಕ್ಕೆ ಬಿದ್ದು ಅವನ ಕಣಕಾಲು ಹಿಡಿದ. ಉಳಿದವರು ಮೇಲೆ ಬಿದ್ದರು. ಸೀಟಿ ಊದಿತು. ಕಲ್ಯಾಣದುರ್ಗ ಗೆದ್ದಿತು.

ಆಮೇಲೆ ಬಹುಮಾನದ ಹೊತ್ತು. ‘ಅತ್ಯುತ್ತಮ ಆಟಗಾರ’ ಕಪ್ಪು ಹೋದದ್ದು ಸೋತ ತಂಡದ ಆ ರೈಡರ್‌ಗೆ. ಅತಿ ಹೆಚ್ಚು ಅಂಕ ಅವನದೇ ಆಗಿತ್ತು, ತಪ್ಪೇನಿಲ್ಲ. ಕಾಲು ಹಿಡಿದ ಹುಡುಗನಿಗೆ ತಂಡದವರಿಗೆಲ್ಲ ಕೊಟ್ಟಂತೆ ಒಂದು ಸ್ಟೀಲ್ ಲೋಟ ಸಿಕ್ಕಿತು. ಶಾಮಿಯಾನ ಬಿಚ್ಚುವ ಹೊತ್ತಿಗೆ ಆ ಹುಡುಗನ ಅಜ್ಜಿ ನಮ್ಮ ಮೇಜಿನ ಬಳಿ ಬಂದು ಕೇಳಿದರು: “ಓಡಿ ಬಂದೋನಿಗೆ ಕಪ್ಪು ಕೊಟ್ರಿ. ಹಿಡ್ಕೊಂಡೋನಿಗೆ ಏನೂ ಇಲ್ವಾ ಸಾರ್?”

ನಮ್ಮ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಸ್ಕೋರ್ ಶೀಟು ತೆಗೆದು ನೋಡಿದೆವು. ಆಟಗಾರನ ಹೆಸರು, ನಂಬರು, ರೈಡ್ ಅಂಕ, ಒಟ್ಟು. ಇಷ್ಟೇ ಕಾಲಂ. ಹಿಡಿದ ಅಂಕ ತಂಡದ ಮೊತ್ತಕ್ಕೆ ಸೇರಿತ್ತು, ಹಿಡಿದವನ ಹೆಸರು ಎಲ್ಲೂ ಇರಲಿಲ್ಲ. ಆ ಶೀಟಿಗೆ ಸ್ಕೇಲು ಹಿಡಿದು ಗೆರೆ ಎಳೆದವರು ಬೇರೆ ಯಾರೂ ಅಲ್ಲ, ನಾವೇ. ಮೂವತ್ತಕ್ಕೂ ಹೆಚ್ಚು ವರ್ಷ ಕಚೇರಿಯಲ್ಲಿ ರಿಜಿಸ್ಟರ್ ಬರೆದ ಕೈ ಇದು. ಕಾಲಂ ಇಲ್ಲದ ಕೆಲಸ ಆಗದ ಕೆಲಸಕ್ಕೆ ಸಮ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಆದ್ದರಿಂದ ಈ ಸಲದ ಸಂಚಿಕೆಯಲ್ಲಿ ತಡೆಯುವ ಆಟಗಾರರ ಬಗ್ಗೆ ಬರೆಯುತ್ತಿದ್ದೇವೆ. ಮುಖ್ಯವಾಗಿ ನಮ್ಮ ನಾಡಿನ ಒಬ್ಬರು, ಜೊತೆಗೆ ದೂರದೇಶದ ಒಬ್ಬರು. ಕೊನೆಯಲ್ಲಿ ನಮ್ಮ ಕ್ರೀಡಾಕೂಟದಲ್ಲಿ ಮಾಡಬೇಕೆಂದಿರುವ ಒಂದು ಬದಲಾವಣೆಯನ್ನೂ ತಿಳಿಸುತ್ತೇವೆ.

ತಡೆಯುವವನ ಕಷ್ಟ

ಕಬಡ್ಡಿ ನಮ್ಮ ಗಡಿ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಆಟ. ತೆಲುಗಿನವರು ಇದನ್ನೇ ಚೆಡುಗುಡು ಅನ್ನುತ್ತಾರೆ. ಒಂದು ಕಡೆ ಏಳು ಜನ. ಎದುರು ತಂಡದವನು ಒಬ್ಬನೇ ಬರುತ್ತಾನೆ. ಈಗಿನ ನಿಯಮದಲ್ಲಿ ಅವನಿಗೆ ಇರುವುದು 30 ಸೆಕೆಂಡು. ಮೂವರನ್ನು ಮುಟ್ಟಿ ವಾಪಸ್ಸು ಹೋದರೆ ಮೂರು ಅಂಕ, ಮೂರೂ ಅವನ ಹೆಸರಿಗೆ. ಅದೇ ಏಳು ಜನ ಸೇರಿ ಅವನನ್ನು ಹಿಡಿದರೆ ಸಾಮಾನ್ಯವಾಗಿ ಒಂದೇ ಅಂಕ.

ಇನ್ನೊಂದು ಮಾತು. ರೈಡರ್ ಹತ್ತು ಸಲ ಹೋಗಿ ನಾಲ್ಕು ಸಲ ಗೆದ್ದು ಬಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ಹಿಡಿಯುವವನು ಒಂಬತ್ತು ಸಲ ಹಿಡಿದು ಹತ್ತನೆಯ ಸಲ ಬಿಟ್ಟರೆ ಊರಿಗೆ ನೆನಪಿರುವುದು ಆ ಬಿಟ್ಟದ್ದೊಂದೇ. ಹಾಕಿಯ ಗೋಲ್‌ಕೀಪರ್‌ಗಳ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಕಬಡ್ಡಿಯಲ್ಲಿ ಪಕ್ಕದಲ್ಲಿ ಆರು ಜನರಾದರೂ ಇರುತ್ತಾರೆ. ಗೋಲಿನ ಮುಂದೆ ಇರುವವನು ಒಬ್ಬನೇ.

ಬ್ಯಾಂಕಾಕ್‌ಗೆ ಮುಂಚೆ ದೆಹಲಿ

ಆಶಿಶ್ ಬಲ್ಲಾಳ್ ಅವರ ಹೆಸರು ಈಗಿನ ಹುಡುಗರಿಗೆ ಹೊಸದಿರಬಹುದು. 1970ರಲ್ಲಿ ಹುಟ್ಟಿದ ಇವರು ಕರ್ನಾಟಕ ದೇಶಕ್ಕೆ ಕೊಟ್ಟ ದೊಡ್ಡ ಗೋಲ್‌ಕೀಪರ್‌ಗಳಲ್ಲಿ ಒಬ್ಬರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದವರು, ಅರ್ಜುನ ಪ್ರಶಸ್ತಿ ಪಡೆದವರು. ಆದರೆ ಅವರ ಹೆಸರು ಹಾಕಿ ಬಲ್ಲವರ ಬಾಯಲ್ಲಿ ಉಳಿದಿರುವುದು 1998ರ ಡಿಸೆಂಬರಿನ ಒಂದು ಪಂದ್ಯಕ್ಕಾಗಿ. ಆ ಪಂದ್ಯದ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1966ರಲ್ಲಿ ಬ್ಯಾಂಕಾಕ್‌ನ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಹಾಕಿ ತಂಡ ಪಾಕಿಸ್ತಾನವನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಆಮೇಲೆ ಚಿನ್ನ ನಮ್ಮ ಕೈಗೆ ಸಿಗಲೇ ಇಲ್ಲ. 1970, 1974, 1978, 1982ರಲ್ಲಿ ಬೆಳ್ಳಿ. 1986ರಲ್ಲಿ ಕಂಚು. 1990, 1994ರಲ್ಲಿ ಮತ್ತೆ ಬೆಳ್ಳಿ. ಅಂದರೆ ಏಳು ಕೂಟ, ಆರು ಬೆಳ್ಳಿ, ಒಂದು ಕಂಚು. ಬಾಗಿಲ ತನಕ ಹೋಗಿ ಹಿಂದಿರುಗಿದ ಲೆಕ್ಕ.

ಇದರಲ್ಲಿ 1982ರ ಬೆಳ್ಳಿ ಬಹಳ ಕಹಿಯಾದದ್ದು. ದೆಹಲಿಯಲ್ಲಿ, ನಮ್ಮದೇ ಮೈದಾನದಲ್ಲಿ, ಪಾಕಿಸ್ತಾನ ಫೈನಲ್‌ನಲ್ಲಿ 7–1ರಿಂದ ನಮ್ಮನ್ನು ಸೋಲಿಸಿತು. ನಮ್ಮಲ್ಲಿ ಅನೇಕರು ಆ ಪಂದ್ಯವನ್ನು ರೇಡಿಯೋ ಮುಂದೆ ಕೂತು ಕೇಳಿದವರು. ಅರ್ಧದಲ್ಲೇ ಎದ್ದು ಹೋದವರೂ ಇದ್ದಾರೆ. ಆ ದಿನ ಗೋಲಿನಲ್ಲಿ ನಿಂತಿದ್ದವರು ಮೀರ್ ರಂಜನ್ ನೇಗಿ. ಮೈದಾನದಲ್ಲಿ ಹನ್ನೊಂದು ಜನ ಸೋತಿದ್ದರು, ಆದರೆ ಬೈಗುಳ ಬಂದದ್ದು ಒಬ್ಬರಿಗೆ. ದುಡ್ಡಿಗೆ ಪಂದ್ಯ ಮಾರಿದ ಎಂಬ ಮಾತನ್ನೂ ಅವರು ಕೇಳಬೇಕಾಯಿತು. 2007ರಲ್ಲಿ ಬಂದ ‘ಚಕ್ ದೇ ಇಂಡಿಯಾ’ ಸಿನಿಮಾಕ್ಕೆ ಪ್ರೇರಣೆಯಾದದ್ದು ಇವರ ಬದುಕೇ ಎಂದು ಬಹಳ ಜನ ನಂಬುತ್ತಾರೆ.

ಅದೇ ನೇಗಿ 1998ರಲ್ಲಿ ಭಾರತ ತಂಡದೊಂದಿಗೆ ಬ್ಯಾಂಕಾಕ್‌ಗೆ ಹೋದರು, ಗೋಲ್‌ಕೀಪರ್‌ಗಳ ತರಬೇತುದಾರರಾಗಿ. ಹದಿನಾರು ವರ್ಷ ಹಿಂದಿನ ಏಳು ಗೋಲುಗಳ ನೆನಪು ಹೊತ್ತ ಮನುಷ್ಯ ತಯಾರು ಮಾಡಿದ ಗೋಲ್‌ಕೀಪರ್ ಬಲ್ಲಾಳರು.

ಐದು ಹೊಡೆತ

ತಂಡದ ನಾಯಕ ಧನರಾಜ್ ಪಿಳ್ಳೈ. ಮುಖ್ಯ ತರಬೇತುದಾರ ಎಂ.ಕೆ. ಕೌಶಿಕ್. ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಕೊರಿಯಾ, 1994ರಲ್ಲಿ ಚಿನ್ನ ಗೆದ್ದಿದ್ದ ತಂಡ. ನಿಗದಿತ ವೇಳೆ ಮುಗಿಯಿತು, ಹೆಚ್ಚುವರಿ ವೇಳೆಯೂ ಮುಗಿಯಿತು. ಸ್ಕೋರು 1–1. ತೀರ್ಮಾನ ಟೈಬ್ರೇಕರ್‌ಗೆ ಹೋಯಿತು.

ಆಗಿನ ಟೈಬ್ರೇಕರ್ ಎಂದರೆ ಪೆನಾಲ್ಟಿ ಸ್ಟ್ರೋಕ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಹಾಕಿ ನೋಡಿದವರು ಕಡಿಮೆ.

ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಬಜಾರಿನ ಒಂದು ಅಂಗಡಿಯ ಶಟರ್ ಪೂರ್ತಿ ಎತ್ತಿದರೆ ಎಷ್ಟು ಜಾಗವೋ ಹೆಚ್ಚುಕಡಿಮೆ ಅಷ್ಟು. ಗೋಲಿನಿಂದ 6.40 ಮೀಟರ್ ದೂರದಲ್ಲಿ, ಅಂದರೆ ಏಳು ಗಜದಲ್ಲಿ, ಒಂದು ಚುಕ್ಕೆ. ಅಲ್ಲಿ ಚೆಂಡು. ಹೊಡೆಯುವವನು ಕೋಲು ಬೀಸಿ ಬಾರಿಸುವಂತಿಲ್ಲ. ಚೆಂಡಿಗೆ ಕೋಲು ತಾಗಿಸಿ ತಳ್ಳಬೇಕು, ಇಲ್ಲವೇ ಎತ್ತಿ ಚಿಮ್ಮಿಸಬೇಕು. ಗೋಲ್‌ಕೀಪರ್‌ನ ಎರಡೂ ಪಾದ ಗೋಲಿನ ಗೆರೆಯ ಮೇಲೇ ಇರಬೇಕು. ಚೆಂಡು ಚುಕ್ಕೆ ಬಿಡುವ ತನಕ ಅವನು ಪಾದ ಕದಲಿಸುವಂತಿಲ್ಲ.

ಗುಮಾಸ್ತರ ಅಭ್ಯಾಸ, ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿದೆವು. ಚೆಂಡು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 22 ಮೀಟರ್ ಆಯಿತು. 6.40 ಮೀಟರ್ ದಾಟಲು ಬೇಕಾದದ್ದು 0.29 ಸೆಕೆಂಡು. ಕಾಲು ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರಲ್ಲಿ ಅವನು ನೋಡಬೇಕು, ತೀರ್ಮಾನಿಸಬೇಕು, ಭಾರದ ಪ್ಯಾಡು ಕಟ್ಟಿಕೊಂಡ ಮೈಯನ್ನು ಆರಡಿ ಆಚೆಗೆ ಎಸೆಯಬೇಕು. ಚೆಂಡಾದರೂ ಎಂಥದು? 156ರಿಂದ 163 ಗ್ರಾಂ ತೂಕದ, ಕಲ್ಲಿನಂಥ ಗಟ್ಟಿ ಚೆಂಡು.

ಇಷ್ಟು ಕಡಿಮೆ ಸಮಯದಲ್ಲಿ ನೋಡಿ ತಡೆಯುವುದು ಆಗದ ಮಾತು. ಆದ್ದರಿಂದ ಒಳ್ಳೆಯ ಗೋಲ್‌ಕೀಪರ್ ಚೆಂಡನ್ನಲ್ಲ, ಹೊಡೆಯುವವನನ್ನು ಓದುತ್ತಾನೆ. ಹೆಗಲು ಯಾವ ಕಡೆ ತಿರುಗಿದೆ, ಮುಂದಿನ ಕಾಲು ಎಲ್ಲಿ ಊರುತ್ತಿದೆ, ಮಣಿಕಟ್ಟು ಹೇಗೆ ಬಾಗಿದೆ ಎಂಬುದನ್ನು. ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಸಾವಿರಾರು ಸಲ ಬಿದ್ದು ಎದ್ದ ಮೇಲೆ ಮೈಗೆ ಬರುವಂಥದು. ಆ ಬೀಳು-ಏಳುಗಳನ್ನು ನೋಡಲು ಯಾವ ಪ್ರೇಕ್ಷಕನೂ ಬರುವುದಿಲ್ಲ.

ಆ ದಿನ ಬ್ಯಾಂಕಾಕ್‌ನಲ್ಲಿ ಬಲ್ಲಾಳರು ಕೊರಿಯಾದ ಎರಡು ಹೊಡೆತ ತಡೆದರು. ನಮ್ಮವರು ನಾಲ್ಕು ಗೋಲು ಹೊಡೆದರು. 4–2. ಮೂವತ್ತೆರಡು ವರ್ಷಗಳ ನಂತರ, ಅದೇ ಬ್ಯಾಂಕಾಕ್‌ನಲ್ಲಿ, ಭಾರತಕ್ಕೆ ಹಾಕಿ ಚಿನ್ನ ಬಂತು.

ದಾಖಲೆ ಪುಸ್ತಕ ತೆರೆದರೆ ಈ ಪಂದ್ಯ ಒಂದು ಸಾಲು: ಭಾರತ 1, ಕೊರಿಯಾ 1, ಟೈಬ್ರೇಕರ್ 4–2. ಇದರಲ್ಲಿ ‘4’ ಹೊಡೆದವರ ಲೆಕ್ಕ. ‘2’ ಎಂಬ ಅಂಕೆ ಏಕೆ ಅಷ್ಟಕ್ಕೇ ನಿಂತಿತು ಎಂಬುದನ್ನು ಆ ಸಾಲು ಹೇಳುವುದಿಲ್ಲ. ತಡೆದವನ ಕೆಲಸ ಕಾಗದದ ಮೇಲೆ ಕಾಣುವುದು ಹೀಗೆ, ಆಗದೇ ಹೋದ ಗೋಲುಗಳಾಗಿ.

ಚಿನ್ನದ ನಂತರ

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚಿನ್ನ ಗೆದ್ದು ಬಂದ ಮೇಲೆ ಮುಂದಿನ ಸರಣಿಗೆ ತಂಡ ಪ್ರಕಟವಾದಾಗ ನಾಯಕ ಧನರಾಜ್ ಪಿಳ್ಳೈ ಅವರ ಹೆಸರು ಅದರಲ್ಲಿ ಇರಲಿಲ್ಲ. ಬಲ್ಲಾಳರ ಹೆಸರೂ ಇರಲಿಲ್ಲ. ಇನ್ನೂ ಕೆಲವು ಹಿರಿಯ ಆಟಗಾರರು ಹೊರಗುಳಿದರು. ತರಬೇತುದಾರ ಕೌಶಿಕ್ ಅವರನ್ನೂ ಕೈಬಿಡಲಾಯಿತು. ಆಟಗಾರರು ದಣಿದಿದ್ದಾರೆ, ವಿಶ್ರಾಂತಿ ಕೊಟ್ಟಿದ್ದೇವೆ ಎಂಬುದು ಆಡಳಿತದವರ ವಿವರಣೆ. ಕಡಿಮೆ ಭತ್ಯೆ ಮತ್ತು ಸೌಲಭ್ಯಗಳ ಕೊರತೆಯ ಬಗ್ಗೆ ಆಟಗಾರರು ಬಾಯಿಬಿಟ್ಟು ಮಾತಾಡಿದ್ದೇ ಕಾರಣ ಎಂದು ಹಾಕಿ ಬಲ್ಲವರು ಆಗ ಮಾತಾಡಿಕೊಂಡರು.

ಕಚೇರಿಯಲ್ಲಿ ದುಡಿದವರಿಗೆ ಇದು ಅರ್ಥವಾಗದ ವಿಷಯವಲ್ಲ. ಬರಬೇಕಾದ ಭತ್ಯೆಯನ್ನು ಕೇಳಿದರೆ ‘ನಿಮಗೆ ವಿಶ್ರಾಂತಿ ಬೇಕೇನೋ’ ಎಂಬ ಉತ್ತರ ಬರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆದರೆ ಕೇಳಿದವರು ಮೂವತ್ತೆರಡು ವರ್ಷದ ಬರ ನೀಗಿಸಿದವರು ಎಂಬುದೇ ಇಲ್ಲಿನ ನೋವು.

ಬಲ್ಲಾಳರು ಹಾಕಿಯನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ತಮ್ಮ ಹೆಸರಿನ ಹಾಕಿ ಅಕಾಡೆಮಿ ಕಟ್ಟಿ ಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಇಳಿದರು. ಮೈದಾನದಲ್ಲಿ ತಡೆದವರು ಮೈದಾನದ ಹೊರಗೆ ಕಲಿಸುವವರಾದರು. ನಮಗೆ ಇದೇ ಅವರ ಬದುಕಿನ ಎರಡನೆಯ ಪಂದ್ಯವಾಗಿ ಕಾಣುತ್ತದೆ.

ಇಲ್ಲೊಂದು ಸೋಜಿಗವನ್ನು ಹೇಳಲೇಬೇಕು. 1998ರ ನಂತರ ಭಾರತಕ್ಕೆ ಏಷ್ಯನ್ ಕೂಟದ ಚಿನ್ನ ಮತ್ತೆ ಬಂದದ್ದು 2014ರಲ್ಲಿ, ಇಂಚಿಯಾನ್‌ನಲ್ಲಿ. ಫೈನಲ್ ಪಾಕಿಸ್ತಾನದ ಮೇಲೆ. ಸ್ಕೋರು ಮತ್ತೆ 1–1. ಟೈಬ್ರೇಕರ್ ಮತ್ತೆ 4–2. ಈ ಸಲ ಗೋಲಿನಲ್ಲಿ ನಿಂತು ಗೆಲ್ಲಿಸಿದವರು ಕೇರಳದ ಪಿ.ಆರ್. ಶ್ರೀಜೇಶ್. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಚುಕ್ಕೆಯಿಂದ ತಳ್ಳುವ ಪದ್ಧತಿ ಹೋಗಿ, ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಳ್ಳಿಕೊಂಡು ಓಡಿಬಂದು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕೆಂಬ ಪದ್ಧತಿ ಬಂದಿತ್ತು. ಗೋಲ್‌ಕೀಪರ್ ಈಗ ಗೆರೆಗೆ ಅಂಟಿ ನಿಲ್ಲಬೇಕಾಗಿಲ್ಲ, ಮುಂದೆ ನುಗ್ಗಿ ಜಾಗ ಮುಚ್ಚಬಹುದು. ಪದ್ಧತಿ ಯಾವುದಾದರೂ ಕೊನೆಗೆ ಉಳಿಯುವುದು ಇಬ್ಬರೇ, ಹೊಡೆಯುವವನು ಮತ್ತು ತಡೆಯುವವನು.

ತಡೆಯುವ ವಿದ್ಯೆಯಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ಬಲ್ಲಾಳರ ಕಾಲದಲ್ಲೇ ಭಾರತದ ಗೋಲು ಕಾದ ಇನ್ನೊಬ್ಬರು ಕೊಡಗಿನ ಎ.ಬಿ. ಸುಬ್ಬಯ್ಯ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಹಾಫ್‌ಬ್ಯಾಕ್ ಸ್ಥಾನದವರು. 2014ರ ಚಿನ್ನದ ತಂಡದಲ್ಲಿ ಹಿಂಬದಿ ಕಾದು, ಪೆನಾಲ್ಟಿ ಕಾರ್ನರ್ ಹೊಡೆಯುತ್ತಿದ್ದ ವಿ.ಆರ್. ರಘುನಾಥ್ ಕೂಡ ಕೊಡಗಿನವರೇ.

ಅಮೆರಿಕದಲ್ಲಿ ಒಬ್ಬರು

ಈಗ ದೂರದೇಶದ ಮಾತು. ನಮ್ಮ ಸದಸ್ಯರೊಬ್ಬರ ಮೊಮ್ಮಗ ಅಮೆರಿಕದಲ್ಲಿ ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾನೆ. “ಡಿಫೆನ್ಸ್ ಆಡ್ತೀನಿ ತಾತಾ ಅಂತಾನೆ. ಫೋಟೋ ನೋಡಿದ್ರೆ ಕೈಯಲ್ಲಿ ಚೆಂಡೇ ಇಲ್ಲ, ಹೆಲ್ಮೆಟ್ ಹಾಕ್ಕೊಂಡು ಯಾರನ್ನೋ ಕೆಡವ್ತಿದ್ದಾನೆ. ಇದೆಂಥ ಫುಟ್‌ಬಾಲು?” ಎಂದು ಅವರು ಕೇಳಿದ್ದರು. ಅವರಿಗೂ ಇಲ್ಲೇ ಉತ್ತರ ಬರೆದುಬಿಡುತ್ತೇವೆ.

ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಿಗಿಂತ ಕಬಡ್ಡಿಗೇ ಹತ್ತಿರ. ಒಂದು ಕಡೆಗೆ ಹನ್ನೊಂದು ಜನ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಿನವರಿಗೆ. ಆ ಹತ್ತು ಗಜ ಹೋಗಲು ಬಿಡದವರೇ ಡಿಫೆನ್ಸ್. ದೊಡ್ಡ ತಂಡಗಳಲ್ಲಿ ಮುನ್ನುಗ್ಗುವವರೇ ಬೇರೆ, ತಡೆಯುವವರೇ ಬೇರೆ. ಚೆಂಡು ಕೈ ಬದಲಾದ ಕೂಡಲೇ ಹನ್ನೊಂದು ಜನ ಹೊರಗೆ ಬಂದು ಬೇರೆ ಹನ್ನೊಂದು ಜನ ಒಳಗೆ ಹೋಗುತ್ತಾರೆ. ಚೆಂಡು ಎಸೆಯುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನು ಎಸೆಯುವ ಮೊದಲೇ ಗೆರೆಯ ಹಿಂದೆ ಹಿಡಿದು ಕೆಡವಿದರೆ ಅದಕ್ಕೆ ‘ಸ್ಯಾಕ್’ ಅನ್ನುತ್ತಾರೆ. ನಮ್ಮ ಕಲ್ಯಾಣದುರ್ಗದ ಹುಡುಗ ಕಣಕಾಲು ಹಿಡಿದದ್ದಕ್ಕೆ ಅಲ್ಲಿ ಇದೇ ಹೆಸರು.

ಈ ಕೆಲಸದಲ್ಲಿ ಹೆಸರಾದವರು ಅಲನ್ ಪೇಜ್. 1945ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗ. ಆ ಊರಿನಲ್ಲೇ ವೃತ್ತಿಪರ ಫುಟ್‌ಬಾಲಿನ ಮಹನೀಯರ ಸ್ಮಾರಕ ಭವನ ಇದೆ. ಅದನ್ನು ಕಟ್ಟುವಾಗ ಹದಿಹರೆಯದ ಪೇಜ್ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. 1988ರಲ್ಲಿ ಅದೇ ಭವನದೊಳಗೆ ಅವರ ಹೆಸರು ಸೇರಿತು.

1967ರಿಂದ 1981ರವರೆಗೆ ಅವರು ಮಿನ್ನೆಸೋಟ ಮತ್ತು ಶಿಕಾಗೋ ತಂಡಗಳಿಗೆ ಆಡಿದರು. ಹದಿನೈದು ವರ್ಷ, 218 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇಲ್ಲ. 1971ರಲ್ಲಿ ಇಡೀ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ ಎಂಬ ಗೌರವ ಪಡೆದರು. ತಡೆಯುವ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರ ತಂಡ ನಾಲ್ಕು ಸಲ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಮುಟ್ಟಿ ನಾಲ್ಕೂ ಸಲ ಸೋತಿತು ಎಂಬುದನ್ನೂ ಸೇರಿಸಬೇಕು.

ನಮ್ಮ ಗಮನ ಸೆಳೆದ ವಿಷಯ ಇನ್ನೊಂದು. ಸ್ಯಾಕ್ ಎಂಬುದನ್ನು ಆ ಲೀಗು ಆಟಗಾರನ ಹೆಸರಿನಲ್ಲಿ ಅಧಿಕೃತವಾಗಿ ಬರೆದಿಡಲು ಶುರು ಮಾಡಿದ್ದು 1982ರಿಂದ. ಪೇಜ್ ಆಟ ನಿಲ್ಲಿಸಿದ್ದು 1981ರಲ್ಲಿ. ಹಾಗಾಗಿ ಅಧಿಕೃತ ಲೆಕ್ಕದಲ್ಲಿ ಅವರ ಹೆಸರಿಗೆ ಒಂದೂ ಸ್ಯಾಕ್ ಇಲ್ಲ! ಆಟದ ಮೇಲೆ ಪ್ರೀತಿ ಇದ್ದವರು ಹಳೆಯ ಪಂದ್ಯಗಳ ವಿವರವನ್ನು ಒಂದೊಂದಾಗಿ ಕೆದಕಿ, ಸುಮಾರು 148.5 ಎಂದು ಲೆಕ್ಕ ಹಾಕಿದರು. ಆ ಅರ್ಧ ಏಕೆಂದರೆ, ಇಬ್ಬರು ಸೇರಿ ಕೆಡವಿದಾಗ ಇಬ್ಬರಿಗೂ ಅರ್ಧರ್ಧ ಬರೆಯುವುದು ಅಲ್ಲಿನ ಕ್ರಮ. ಶೀಟಿಗೆ ಗೆರೆ ಎಳೆಯುವವರು ಒಂದು ಕಾಲಂ ಬಿಟ್ಟರೆ ಒಬ್ಬ ಮನುಷ್ಯನ ಹದಿನೈದು ವರ್ಷದ ದುಡಿಮೆ ಹೀಗೆ ಅಳಿಸಿಹೋಗುತ್ತದೆ. ಇದನ್ನು ಓದಿದ ರಾತ್ರಿ ನಮಗೆ ಆ ಅಜ್ಜಿಯ ಮುಖ ನೆನಪಾಯಿತು.

ಪೇಜ್ ಆಟಗಾರರ ಸಂಘದಲ್ಲಿ ದುಡಿದವರು, ಆಟಗಾರರ ಹಕ್ಕಿನ ಪರ ಮಾತಾಡಿದವರು. ದೂರದ ಓಟ ಶುರು ಮಾಡಿ ತೂಕ ಇಳಿದಾಗ, 1978ರಲ್ಲಿ, ಸೀಸನ್ ನಡುವೆಯೇ ಮಿನ್ನೆಸೋಟ ತಂಡ ಅವರನ್ನು ಕೈಬಿಟ್ಟಿತು. ಶಿಕಾಗೋ ತಂಡ ಕರೆದುಕೊಂಡಿತು, ಅಲ್ಲಿ ಇನ್ನೂ ಮೂರು ವರ್ಷಕ್ಕೂ ಹೆಚ್ಚು ಆಡಿದರು. ಅದೇ 1978ರಲ್ಲಿ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಕಾನೂನು ಪದವಿಯನ್ನೂ ಪಡೆದಿದ್ದರು. ಆಡುತ್ತಲೇ ಓದಿ ಪಾಸು ಮಾಡಿದ್ದು. 1992ರಲ್ಲಿ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಿಗೆ ಚುನಾಯಿತರಾದರು. ಅಲ್ಲಿ ನ್ಯಾಯಾಧೀಶರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಆ ಪೀಠದಲ್ಲಿ ಕೂತ ಮೊದಲ ಕಪ್ಪು ನ್ಯಾಯಮೂರ್ತಿ ಅವರು. 2015ರಲ್ಲಿ, 70ನೇ ವಯಸ್ಸಿಗೆ ನಿವೃತ್ತರಾದರು. ವಿದ್ಯಾರ್ಥಿಗಳ ಓದಿಗೆ ನೆರವಾಗಲು 1988ರಲ್ಲೇ ಒಂದು ಪ್ರತಿಷ್ಠಾನ ಶುರು ಮಾಡಿದ್ದರು. ಅದರ ನೆರವು ಪಡೆದ ವಿದ್ಯಾರ್ಥಿಗಳು ತಮಗಿಂತ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು ಎಂಬುದು ಅಲ್ಲಿನ ಕರಾರು.

ಅಂದಹಾಗೆ, ಮೊಮ್ಮಗ ‘ಡಿಫೆನ್ಸ್’ ಎಂದರೆ ಆ ತಾತನವರು ಇನ್ನು ಚಿಂತಿಸಬೇಕಾಗಿಲ್ಲ. ಅದು ದೊಡ್ಡವರ ಸಾಲು. ಆದರೆ ಆ ಆಟದಲ್ಲಿ ತಲೆಗೆ ಪೆಟ್ಟು ಬೀಳುವ ಭಯ ಇದ್ದೇ ಇದೆ. ತಲೆಗೆ ಏಟು ಬಿದ್ದ ದಿನ ಮುಚ್ಚಿಡದೆ ಹೇಳು, ಆಟ ನಿಲ್ಲಿಸು ಎಂದು ಹುಡುಗನಿಗೆ ತಪ್ಪದೆ ಹೇಳಿ.

ನಾವು ಮಾಡಬೇಕೆಂದಿರುವುದು

ಬಲ್ಲಾಳರು ಮತ್ತು ಪೇಜ್ ಒಬ್ಬರನ್ನೊಬ್ಬರು ಕಂಡವರಲ್ಲ. ಆಟ ಬೇರೆ, ದೇಶ ಬೇರೆ. ಆದರೂ ಇಬ್ಬರ ಕಡತದಲ್ಲೂ ಒಂದೇ ಬಗೆಯ ಖಾಲಿ ಜಾಗ. ತಡೆದದ್ದು ಲೆಕ್ಕಕ್ಕೆ ಬಾರದು, ಮೈಯೊಳಗೆ ಶಕ್ತಿ ಇರುವಾಗಲೇ ತಂಡದಿಂದ ಹೊರಗೆ. ಇಬ್ಬರೂ ಆ ನಂತರ ಮಕ್ಕಳ ಕಡೆ ತಿರುಗಿದರು.

ನಮ್ಮದು ಸಣ್ಣ ಸಂಘ. ದೊಡ್ಡವರ ಲೆಕ್ಕ ತಿದ್ದುವ ಶಕ್ತಿ ನಮಗಿಲ್ಲ. ನಮ್ಮ ಸ್ಕೋರ್ ಶೀಟು ತಿದ್ದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕಾರ್ಯಕಾರಿ ಸಮಿತಿಯಲ್ಲಿ ಚರ್ಚಿಸಿ ಈ ಕೆಳಗಿನಂತೆ ತೀರ್ಮಾನಿಸಿದ್ದೇವೆ.

ಒಂದು: ಮುಂದಿನ ಕ್ರೀಡಾಕೂಟದಿಂದ ಕಬಡ್ಡಿ ಶೀಟಿನಲ್ಲಿ ‘ಹಿಡಿತ’ ಎಂಬ ಹೊಸ ಕಾಲಂ ಇರುತ್ತದೆ. ಮೊದಲು ಹಿಡಿದವನ ಹೆಸರಿಗೆ ಅಂಕ. ಇಬ್ಬರು ಒಟ್ಟಿಗೆ ಹಿಡಿದರೆ ಅರ್ಧರ್ಧ. ಹೆಣ್ಣುಮಕ್ಕಳ ಪಂದ್ಯಕ್ಕೂ ಇದೇ ಕ್ರಮ.

ಎರಡು: ಅತ್ಯುತ್ತಮ ರೈಡರ್‌ಗೆ ಕೊಡುವಷ್ಟೇ ಬೆಲೆಯ ಕಪ್ಪನ್ನು ಅತ್ಯುತ್ತಮ ಹಿಡಿತಗಾರನಿಗೂ ಕೊಡಲಾಗುವುದು. ಚಿಕ್ಕ ಕಪ್ಪು ಸಾಕು ಎಂಬ ಸಲಹೆ ಬಂದಿತ್ತು, ಒಪ್ಪಲಿಲ್ಲ.

ಮೂರು: ಈ ಕಾಲಂ ತುಂಬಲು ಪ್ರತಿ ಪಂದ್ಯಕ್ಕೂ ಒಬ್ಬರು ಬರಹಗಾರರು ಬೇಕು. ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರ ಕಡೆಯ ನಿವೃತ್ತ ಶಿಕ್ಷಕರು, ಗುಮಾಸ್ತರು ಮುಂದೆ ಬರಬೇಕೆಂದು ಕೋರುತ್ತೇವೆ. ಅಕ್ಷರ ಗುಂಡಾಗಿದ್ದರೆ ಸಾಕು, ಆಟ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ನಾವು ಹೇಳಿಕೊಡುತ್ತೇವೆ.

ನಾಲ್ಕು: ನಮ್ಮ ಗಡಿ ಊರುಗಳಲ್ಲಿ ಹಿಂದೆ ಕಬಡ್ಡಿಯಲ್ಲಿ ಹಿಡಿಯುವುದಕ್ಕೆ, ಫುಟ್‌ಬಾಲ್ ಅಥವಾ ಹಾಕಿಯಲ್ಲಿ ಗೋಲು ಕಾಯುವುದಕ್ಕೆ ಹೆಸರಾಗಿದ್ದ ಹಿರಿಯರು ಇನ್ನೂ ಇದ್ದಾರೆ. ಅವರ ಒಪ್ಪಿಗೆ ಪಡೆದು ವಿವರ ಕಳಿಸಿದರೆ ಒಂದು ರಿಜಿಸ್ಟರ್ ತೆರೆದು ಬರೆದಿಡುತ್ತೇವೆ. ಫೋಟೋ ಇದ್ದರೆ ಪ್ರತಿ ಮಾಡಿಸಿ ಹಿಂದಿರುಗಿಸುತ್ತೇವೆ.

ಆಟದಲ್ಲಿ ಮುಂದುವರಿಯಬೇಕೆಂಬ ಆಸೆ ಇರುವ ಮಕ್ಕಳ ತಂದೆತಾಯಿಗೆ ಒಂದು ಸೂಚನೆ. ಬೆಂಗಳೂರೇ ಬೇಕೆಂದಿಲ್ಲ. ಅನಂತಪುರದ ಆರ್‌ಡಿಟಿ ಕ್ರೀಡಾಗ್ರಾಮದಲ್ಲಿ ಹಾಕಿ, ಫುಟ್‌ಬಾಲ್ ಮುಂತಾದ ಆಟಗಳ ತರಬೇತಿ ಇದೆ. ಅಲ್ಲಿಗೆ ಹೋಗಿ ವಿಚಾರಿಸಿ. ‘ನನ್ನ ಮಗ ಗೋಲು ಹೊಡೆಯೋನು’ ಎಂದೇ ಹೇಳಬೇಕಾಗಿಲ್ಲ. ‘ತಡೆಯೋನು’ ಎಂದರೂ ಜಾಗ ಇರುತ್ತದೆ.

ಕ್ರೀಡಾಕೂಟದ ದಿನಾಂಕ ಮತ್ತು ತಂಡಗಳ ನೋಂದಣಿಯ ವಿವರ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಹೋದ ಸಲದ ಫೈನಲ್‌ನ ಶೀಟನ್ನು ಮಾತ್ರ ನಾವು ಈಗಾಗಲೇ ತಿದ್ದಿದ್ದೇವೆ. ಅಂಚಿನಲ್ಲಿ ಜಾಗ ಮಾಡಿ, ಕೆಂಪು ಶಾಯಿಯಲ್ಲಿ, ಕಲ್ಯಾಣದುರ್ಗದ ಆ ಹುಡುಗನ ಹೆಸರು ಬರೆದು ‘ಹಿಡಿತ: ಕೊನೆಯ ರೈಡ್’ ಎಂದು ಸೇರಿಸಿ ಸಹಿ ಹಾಕಿದ್ದೇವೆ. ತಿದ್ದುಪಡಿಗೆ ಕಾರಣ ಎಂಬಲ್ಲಿ ‘ಅಜ್ಜಿಯವರ ಆಕ್ಷೇಪಣೆ, ಅಂಗೀಕರಿಸಲಾಗಿದೆ’ ಎಂದು ಬರೆದಿದ್ದೇವೆ. ಅವನ ಕಪ್ಪು ನಮ್ಮ ಬಳಿ ಇದೆ. ಮುಂದಿನ ಕೂಟದ ಮೊದಲ ಪಂದ್ಯ ಶುರುವಾಗುವ ಮುಂಚೆ, ಎಲ್ಲರೆದುರು, ಅಜ್ಜಿಯವರ ಕೈಯಿಂದಲೇ ಕೊಡಿಸುತ್ತೇವೆ. ದಯವಿಟ್ಟು ಎಲ್ಲರೂ ಸಮಯಕ್ಕೆ ಸರಿಯಾಗಿ ಬನ್ನಿ.


ಕಾರ್ಯದರ್ಶಿ